ಕುದುರೆಯ ಬೆನ್ನೂ ತಾಯಿಯ ಸೊಂಟವೂ

ಬಹಳ ದಿನಗಳಿಂದ ಏನನ್ನೂ ಬರೆದಿಲ್ಲವೆಂದು ಹಳೆಯ ವಿದ್ಯಾರ್ಥಿಗಳಲ್ಲಿ ಇಬ್ಬರು ಮೂವರು ದೂರವಾಣಿ ಮಾಡಿ ಆಕ್ಷೇಪಿಸಿದರು. ಆರೋಗ್ಯವಾಗಿಯೇ ಇದ್ದೇನೆ, ಗಾಬರಿ ಬೇಡ. ಈ ವರ್ಷ ನಾನು ಸಖರಾಯಪಟ್ಟಣದ ಮನೆಯಲ್ಲಿ ಇದ್ದುದಕ್ಕಿಂತ ಬೆಂಗಳೂರಿನಲ್ಲಿ ಇದ್ದುದೇ ಹೆಚ್ಚು. ಕಡೂರು ರೈಲು ನಿಲ್ದಾಣದ ಚಹಾದವನು ‘ಏನ್ ಮೇಷ್ಟ್ರೇ, ಮತ್ತೆ ಹೊರಟ್ರಾ?’ ಎಂದು ಕೇಳುವಷ್ಟು ಸಲ ಓಡಾಡಿದ್ದೇನೆ. ಕಾರಣ, ನನ್ನ ಅಕ್ಕನ ಮಗಳ ಮಗ. ಅವನಿಗೀಗ ಏಳು ವರ್ಷ. ಹುಟ್ಟಿದಾಗ ತಡವಾಗಿ ಅತ್ತ ಮಗು. ಒಂದೂವರೆ ವರ್ಷವಾದರೂ ಕುತ್ತಿಗೆ ನಿಲ್ಲದಿದ್ದಾಗ ವೈದ್ಯರು ‘ಸೆರೆಬ್ರಲ್ ಪಾಲ್ಸಿ’ ಎಂದು ಹೆಸರು ಹೇಳಿದರು. ನಮ್ಮ ಬಂಧುವರ್ಗದಲ್ಲಿ ಇದು ಎಲ್ಲರಿಗೂ ತಿಳಿದ ವಿಷಯವೇ. ತಿಳಿದೂ ಯಾರೂ ಬಾಯಿಬಿಟ್ಟು ಮಾತನಾಡುವುದಿಲ್ಲ. ಮದುವೆ ಮುಂಜಿಗಳಲ್ಲಿ ಅವಳನ್ನು ಕಂಡರೆ ‘ಹೇಗಿದ್ದಾನೆ?’ ಎಂದು ಕೇಳಿ ಉತ್ತರಕ್ಕೆ ಕಾಯದೆ ಊಟದ ಪಂಕ್ತಿಯ ಕಡೆಗೆ ನಡೆಯುತ್ತೇವೆ. ನಾನೂ ಹಾಗೆ ನಡೆದವನೇ. ಇಂದು ಅವಳ ಒಪ್ಪಿಗೆ ಪಡೆದು ಬರೆಯಲು ಕುಳಿತಿದ್ದೇನೆ.

‘ಶನಿವಾರ ಅವನನ್ನ ಕುದುರೆ ಹತ್ತಿರ ಕರ್ಕೊಂಡು ಹೋಗ್ತೀನಿ ಮಾಮ, ನೀವೂ ಬನ್ನಿ’ ಎಂದು ಅವಳು ಮೊದಲ ಸಲ ಕರೆದಾಗ ನನಗೆ ಅರ್ಥವಾಗಲಿಲ್ಲ. ಮಗುವಿಗೆ ಕುದುರೆ ತೋರಿಸಿ ಸಂತೋಷಪಡಿಸುವ ಕಾರ್ಯಕ್ರಮವಿರಬೇಕೆಂದುಕೊಂಡೆ. ಕುದುರೆಯ ಮೇಲೆ ಕೂರಿಸುತ್ತಾರೆಂದು ತಿಳಿದಾಗ ಎದೆ ಧಸಕ್ಕೆಂದಿತು. ನೆಲದ ಮೇಲೆಯೇ ಆಸರೆಯಿಲ್ಲದೆ ಕೂರಲಾರದ ಹುಡುಗನನ್ನು ನಾಲ್ಕು ಅಡಿ ಎತ್ತರದ, ಅಲುಗಾಡುವ ಪ್ರಾಣಿಯ ಮೇಲೆ ಕೂರಿಸುವುದು ಯಾವ ನ್ಯಾಯ? ಅಕ್ಕನಂತೂ ಆ ದಿನ ದೇವರ ಮುಂದೆ ಎರಡು ದೀಪ ಹಚ್ಚಿಟ್ಟೇ ನಮ್ಮನ್ನು ಕಳುಹಿಸಿದಳು.

ಊರ ಹೊರಗೆ ಬಿದಿರಿನ ಬೇಲಿ ಹಾಕಿದ ಒಂದು ಮಣ್ಣಿನ ಅಂಗಳ. ಪಕ್ಕದಲ್ಲಿ ತಗಡಿನ ಮಾಡಿನ ಲಾಯ. ಕುದುರೆ ಕಂದುಬಣ್ಣದ್ದು, ವಯಸ್ಸಾದದ್ದು. ಯೌವನದಲ್ಲಿ ಜೂಜಿನ ಓಟದಲ್ಲಿ ಓಡಿದ್ದಂತೆ. ಅದರ ಬೆನ್ನಿಗೆ ಜೀನು ಹಾಕಿರಲಿಲ್ಲ. ದಪ್ಪನಾದ ಮೆತ್ತೆಯೊಂದನ್ನು ಮಾತ್ರ ಹೊದಿಸಿ ಹೊಟ್ಟೆಪಟ್ಟಿ ಬಿಗಿದಿದ್ದರು. ಇಳಿಜಾರಾಗಿ ಕಟ್ಟಿದ ಮರದ ಕಟ್ಟೆಯ ಮೇಲೆ ಗಾಲಿಕುರ್ಚಿಯನ್ನು ತಳ್ಳಿಕೊಂಡು ಹೋಗಿ, ತಲೆಗೆ ಹೆಲ್ಮೆಟ್ ಕಟ್ಟಿ, ಅಲ್ಲಿಂದ ಹುಡುಗನನ್ನು ಸರಿಸಿ ಕೂರಿಸಿದರು. ಒಬ್ಬ ಮುಂದೆ ಹಗ್ಗ ಹಿಡಿದು ನಡೆಸುವವನು, ಎಡಬಲಗಳಲ್ಲಿ ಇಬ್ಬರು ತೊಡೆಯ ಮೇಲೆ ಕೈಯಿಟ್ಟು ಜೊತೆಗೆ ನಡೆಯುವವರು, ಫಿಜಿಯೋಥೆರಪಿಸ್ಟ್ ತಾಯಿಯೊಬ್ಬರು. ಒಂದು ಮಗುವಿಗೆ ನಾಲ್ಕು ಜನ. ಕುದುರೆ ನಡೆಯತೊಡಗಿತು. ಮೊದಲ ಸುತ್ತಿನಲ್ಲಿ ಹುಡುಗ ಗೋಣಿಚೀಲದಂತೆ ಒಂದು ಕಡೆಗೆ ವಾಲಿಕೊಂಡೇ ಇದ್ದ. ಮೂರನೆಯ ಸುತ್ತಿಗೋ ನಾಲ್ಕನೆಯದಕ್ಕೋ ತಲೆ ಎತ್ತಿದ.

ನಾನು ನೋಡಿದ್ದು ಹುಡುಗನನ್ನಲ್ಲ. ಬೇಲಿಯ ಈಚೆ ನನ್ನ ಪಕ್ಕದಲ್ಲಿ ನಿಂತಿದ್ದ ಅವಳನ್ನು. ಎರಡು ಕೈಗಳನ್ನೂ ಎಲ್ಲಿಡಬೇಕೆಂದು ತಿಳಿಯದೆ ಒಮ್ಮೆ ಬೇಲಿಯ ಮೇಲೆ ಇಟ್ಟಳು, ಒಮ್ಮೆ ಕಟ್ಟಿಕೊಂಡಳು, ಆಮೇಲೆ ಸುಮ್ಮನೆ ಇಳಿಬಿಟ್ಟಳು. ಏಳು ವರ್ಷಗಳಲ್ಲಿ ಅವು ಹಾಗೆ ಬರಿದಾಗಿ ಇದ್ದುದನ್ನು ನಾನಂತೂ ಕಂಡಿರಲಿಲ್ಲ.

ಚರಿತ್ರೆಯ ಮೇಷ್ಟರಿಗೆ ಒಂದು ದುರಭ್ಯಾಸ. ಏನನ್ನು ಕಂಡರೂ ಅದು ಎಲ್ಲಿಂದ ಬಂತು ಎಂದು ಹಿಂದಕ್ಕೆ ಹೋಗಬೇಕು. 1985ರಿಂದ 2021ರವರೆಗೆ ಮೂವತ್ತಾರು ವರ್ಷ ನಾನು ಮಕ್ಕಳಿಗೆ ಹೇಳಿಕೊಟ್ಟ ಕುದುರೆಗಳೆಲ್ಲವೂ ಯುದ್ಧದ ಕುದುರೆಗಳೇ. ಹಳೇಬೀಡಿನ ದೇವಾಲಯದ ಅಧಿಷ್ಠಾನದಲ್ಲಿ ಕೆಳಗೆ ಆನೆಗಳ ಸಾಲು, ಅದರ ಮೇಲೆ ಸಿಂಹಗಳು, ಬಳ್ಳಿ, ಬಳ್ಳಿಯ ಮೇಲೆ ಕುದುರೆ ಸವಾರರ ಸಾಲು. ಆನೆಯೆಂದರೆ ಬಲ, ಕುದುರೆಯೆಂದರೆ ವೇಗ ಎಂದು ಪರೀಕ್ಷೆಗೆ ಬರೆಸುತ್ತಿದ್ದೆ. (ಆ ಸಾಲಿನ ವಿಚಾರ ಇನ್ನೊಂದಿದೆ. ಅದನ್ನು ಕೊನೆಗೆ ಹೇಳುತ್ತೇನೆ.) ನಮ್ಮ ಸೀಮೆ ಹೆಸರಾದದ್ದು ದನಗಳಿಗೆ, ಬೀರೂರು, ಅಜ್ಜಂಪುರಗಳ ಅಮೃತಮಹಲ್ ಕಾವಲುಗಳನ್ನು ಯಾರು ಬಲ್ಲರಿಲ್ಲ? ಕುದುರೆಯನ್ನು ಮಾತ್ರ ನಾವು ಹೊರಗಿನಿಂದ ತರಬೇಕಾಗಿತ್ತು. ವಿಜಯನಗರದ ಅರಸರು ವರ್ಷಕ್ಕೆ 13,000 ಕುದುರೆಗಳನ್ನು ಹೊರ್ಮೂಜ್ ಕಡೆಯಿಂದ ಕೊಳ್ಳುತ್ತಿದ್ದರೆಂದು ಪೋರ್ಚುಗೀಸ್ ವರ್ತಕ ನ್ಯೂನಿಜ್ ಬರೆದಿದ್ದಾನೆ. ಸಾಳುವ ನರಸಿಂಹನು ಸಮುದ್ರದಲ್ಲಿ ಸತ್ತ ಕುದುರೆಗೂ ಹಣ ಕೊಡುತ್ತಿದ್ದನಂತೆ. ವರ್ತಕರು ಬಾಲವನ್ನು ತಂದು ತೋರಿಸಿದರೆ ಸಾಕಾಗಿತ್ತು. ಈ ಬಾಲದ ಪ್ರಸಂಗವನ್ನು ಹೇಳಿದಾಗ ತರಗತಿಯಲ್ಲಿ ಎದ್ದ ನಗೆ ಕೆಲವರಿಗಾದರೂ ನೆನಪಿರಬಹುದು.

ಹೈದರ್ ಮತ್ತು ಟಿಪ್ಪುವಿನ ಅಶ್ವದಳ, ಸೈನ್ಯಕ್ಕಾಗಿ ಕುದುರೆ ಸಾಕಿದ ಕುಣಿಗಲ್, ಆ ಮೇಲೆ ಮೈಸೂರು ಲ್ಯಾನ್ಸರ್ಸ್. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ತುರ್ಕರ ಫಿರಂಗಿಗಳ ಎದುರು ನುಗ್ಗಿ ಹಿಡಿದವರಲ್ಲಿ ಜೋಧಪುರದವರ ಜೊತೆ ನಮ್ಮ ಮೈಸೂರಿನ ಸವಾರರೂ ಇದ್ದರು. ಇವೆಲ್ಲವನ್ನೂ ಪಾಠ ಮಾಡಿದೆ. ಅಲ್ಲಿಂದ ಮುಂದೆ ಕುದುರೆ ಪಠ್ಯಪುಸ್ತಕದಿಂದ ಮಾಯವಾಗುತ್ತದೆ. ಮೋಟಾರು ಬಂತು, ಟ್ಯಾಂಕು ಬಂತು. 1953ರಲ್ಲಿ ಸಂಸ್ಥಾನಗಳ ಅಶ್ವದಳಗಳ ಅಳಿದುಳಿದದ್ದನ್ನೆಲ್ಲ ಸೇರಿಸಿ 61ನೆಯ ಕ್ಯಾವಲ್ರಿ ಎಂಬ ಒಂದು ದಳ ಕಟ್ಟಿದರು. ಲ್ಯಾನ್ಸರ್ಸ್ ಅದರಲ್ಲಿ ಕರಗಿ ಹೋಯಿತು. ಕೆಲಸ ಕಳೆದುಕೊಂಡ ಕುದುರೆ ತರುವಾಯ ಎಲ್ಲಿ ಹೋಯಿತೆಂಬ ಪ್ರಶ್ನೆಯನ್ನು ನಾನು ಕೇಳಲಿಲ್ಲ, ಯಾವ ವಿದ್ಯಾರ್ಥಿಯೂ ಕೇಳಲಿಲ್ಲ.

ಅದು ಹೋದ ದಾರಿಗಳಲ್ಲಿ ಒಂದು ಡೆನ್ಮಾರ್ಕ್ ದೇಶದಲ್ಲಿ ಕಾಣಸಿಗುತ್ತದೆ. ಲಿಸ್ ಹಾರ್ಟೆಲ್ ಎಂಬಾಕೆ 1921ರಲ್ಲಿ ಹುಟ್ಟಿದವರು; ಕುದುರೆ ಸವಾರಿಯಲ್ಲಿ ನಿಪುಣೆ. 1944ರಲ್ಲಿ, ಇಪ್ಪತ್ತಮೂರರ ವಯಸ್ಸಿನಲ್ಲಿ, ಗರ್ಭಿಣಿಯಾಗಿದ್ದಾಗ ಪೋಲಿಯೋ ಬಡಿಯಿತು. ಕೂಸು ಆರೋಗ್ಯವಾಗಿ ಹುಟ್ಟಿತು, ಆದರೆ ತಾಯಿಗೆ ಮೊಣಕಾಲಿನ ಕೆಳಗೆ ಶಕ್ತಿ ಮರಳಲೇ ಇಲ್ಲ. ಮನೆಯವರ ಆಸರೆಯಲ್ಲಿ ತೆವಳುವುದನ್ನು ಕಲಿತು, ಊರುಗೋಲಿನಲ್ಲಿ ನಿಲ್ಲುವುದನ್ನು ಕಲಿತು, ಎತ್ತಿ ಕೂರಿಸಿದರೆ ಕುದುರೆಯ ಮೇಲೆ ಕೂರುವುದನ್ನು ಮತ್ತೆ ಕಲಿತರು. ಬಿದ್ದರು, ಮತ್ತೆ ಕೂತರು. 1947ರಲ್ಲಿ ಸ್ಕ್ಯಾಂಡಿನೇವಿಯಾದ ಸ್ಪರ್ಧೆಯಲ್ಲಿ ಎರಡನೆಯವರಾದರು.

ಇಲ್ಲಿ ಸೈನ್ಯದ ಸಂಗತಿ ಮತ್ತೊಮ್ಮೆ ಬರುತ್ತದೆ. ಡ್ರೆಸಾಜ್ ಎಂದರೆ ಕುದುರೆಯನ್ನು ಸೂಕ್ಷ್ಮ ಸಂಜ್ಞೆಗಳಿಂದಲೇ ನಡೆಸಿ ತೋರಿಸುವ ಸ್ಪರ್ಧೆ. ಒಲಿಂಪಿಕ್ಸಿನಲ್ಲಿ ಅದರೊಳಗೆ ಸೈನ್ಯಾಧಿಕಾರಿಗಳಿಗೆ ಮಾತ್ರ ಪ್ರವೇಶವಿತ್ತು. 1948ರಲ್ಲಿ ಲಂಡನ್ನಿನಲ್ಲಿ ಗೆದ್ದ ಸ್ವೀಡನ್ ತಂಡದ ಚಿನ್ನದ ಪದಕವನ್ನು ಮರುವರ್ಷ ಕಿತ್ತುಕೊಂಡರು; ಅವರಲ್ಲೊಬ್ಬ ನಿಜವಾದ ಅಧಿಕಾರಿಯಲ್ಲ, ಬರೀ ಸಾರ್ಜೆಂಟ್ ಎಂಬುದೇ ಅಪರಾಧ! 1952ರ ಹೆಲ್ಸಿಂಕಿಯಲ್ಲಿ ಆ ನಿಯಮ ಸಡಿಲಿ, ಸಾಮಾನ್ಯರಿಗೂ ಹೆಂಗಸರಿಗೂ ಬಾಗಿಲು ತೆರೆಯಿತು. ಒಳಗೆ ಬಂದ ನಾಲ್ವರು ಹೆಂಗಸರಲ್ಲಿ ಹಾರ್ಟೆಲ್ ಒಬ್ಬರು. ಅವರಿಗೆ ಬೆಳ್ಳಿ ಪದಕ ಬಂತು. ಚಿನ್ನ ಗೆದ್ದ ಸ್ವೀಡನ್ನಿನ ಆಂರಿ ಸೇಂಟ್ ಸಿರ್ ಅವರನ್ನು ಆಧರಿಸಿ ಪದಕದ ಕಟ್ಟೆಗೆ ಹತ್ತಿಸಿದ. 1956ರಲ್ಲಿ ಅವರು ಮತ್ತೊಮ್ಮೆ ಬೆಳ್ಳಿ ಗೆದ್ದರು.

ಅದೇ 1952ರ ಆಗಸ್ಟಿನಲ್ಲಿ ಕೋಪನ್‌ಹೇಗನ್ನಿನಲ್ಲಿ ಪೋಲಿಯೋ ಮಾರಿ ಭುಗಿಲೆದ್ದಿತು. ಉಸಿರಾಡಲಾರದ ರೋಗಿಗಳಿಗೆ ಯಂತ್ರಗಳು ಸಾಲದೆ, ಸುಮಾರು 1,500 ವೈದ್ಯಕೀಯ ವಿದ್ಯಾರ್ಥಿಗಳು ಸರದಿಯ ಮೇಲೆ ಹಾಸಿಗೆಯ ಪಕ್ಕ ಕುಳಿತು ರಬ್ಬರಿನ ಚೀಲವನ್ನು ಕೈಯಿಂದಲೇ ಹಿಸುಕಿ ಹಿಸುಕಿ ಉಸಿರು ಕೊಟ್ಟರು. ಹಗಲೂ ರಾತ್ರಿ. ಇದು ಕುದುರೆಯ ವಿಷಯವಲ್ಲವೆಂದು ಬಲ್ಲೆ. ಆದರೂ ಬಿಡಲು ಮನಸ್ಸಾಗಲಿಲ್ಲ. ಪದಕ ಚರಿತ್ರೆಯಲ್ಲಿ ಉಳಿಯುತ್ತದೆ, ಚೀಲ ಹಿಸುಕಿದ ಕೈ ಉಳಿಯುವುದಿಲ್ಲ.

ಹಾರ್ಟೆಲ್ ಅವರನ್ನು ಕಂಡ ಫಿಜಿಯೋಥೆರಪಿಸ್ಟುಗಳಿಗೆ ಕುದುರೆಯ ಮೇಲೆ ಹೊಸ ಕಣ್ಣು ಬಿತ್ತು. ಜರ್ಮನಿ, ಆಸ್ಟ್ರಿಯಾ, ಸ್ವಿಟ್ಜರ್ಲೆಂಡುಗಳಲ್ಲಿ 1960ರ ದಶಕದಲ್ಲಿ ಇದು ಒಂದು ಕ್ರಮಬದ್ಧ ಚಿಕಿತ್ಸೆಯಾಗಿ ಬೆಳೆಯಿತು. 1969ರಲ್ಲಿ ಬ್ರಿಟನ್ನಿನಲ್ಲಿಯೂ ಅಮೆರಿಕದಲ್ಲಿಯೂ ಇದಕ್ಕೆಂದೇ ಸಂಘಗಳು ಹುಟ್ಟಿದವು. 1996ರಲ್ಲಿ ಅಟ್ಲಾಂಟಾದ ಪ್ಯಾರಾಲಿಂಪಿಕ್ಸಿನಲ್ಲಿ ಅಂಗವಿಕಲರ ಕುದುರೆ ಸವಾರಿ ಸ್ಪರ್ಧೆಯಾಗಿಯೂ ಸೇರಿತು. ನಮ್ಮಲ್ಲಿ ತಡವಾಗಿ ಬಂತು. ಬೆಂಗಳೂರಿನಲ್ಲಿ ಇದನ್ನು ಕೈಗೆತ್ತಿಕೊಂಡವರಲ್ಲಿ ‘ಹೀಲಿಂಗ್ ಹಾರ್ಸಸ್’ ನಡೆಸಿದ ಪುಷ್ಪಾ ಬೋಪಯ್ಯ ಅವರ ಹೆಸರು ಕೇಳಿಬರುತ್ತದೆ. ಲಾಯವಿರಬೇಕು, ಬಯಲಿರಬೇಕು, ಹುರುಳಿ ಹುಲ್ಲಿನ ಖರ್ಚಿರಬೇಕು, ಒಂದು ಮಗುವಿಗೆ ನಾಲ್ಕು ಜನ ಬೇಕು. ಹೀಗಾಗಿ ದೊಡ್ಡ ನಗರಗಳನ್ನು ದಾಟಿ ಅದು ಬೇಗ ಈಚೆಗೆ ಬರುವಂತಿಲ್ಲ. ಚಿಕ್ಕಮಗಳೂರಿಗೆ ಬಂದರೂ ಕಡೂರಿಗೆ ಬರುವುದು ಯಾವಾಗ?

ಇದರ ಒಳಗುಟ್ಟನ್ನು ಆ ಫಿಜಿಯೋಥೆರಪಿಸ್ಟ್ ತಾಯಿ ನನಗೆ ಸರಳವಾಗಿ ತಿಳಿಸಿದರು. ನಾವು ನಡೆಯುವಾಗ ನಮ್ಮ ಸೊಂಟದ ಮೂಳೆ ಮೇಲೆ-ಕೆಳಗೆ, ಹಿಂದೆ-ಮುಂದೆ, ಎಡ-ಬಲ ಹೀಗೆ ಮೂರು ದಿಕ್ಕುಗಳಲ್ಲಿಯೂ ಆಡುತ್ತದೆ. ಕುದುರೆ ನಿಧಾನವಾಗಿ ನಡೆಯುವಾಗ ಅದರ ಬೆನ್ನು ಮೇಲೆ ಕುಳಿತವರ ಸೊಂಟವನ್ನು ಹೆಚ್ಚುಕಡಿಮೆ ಅದೇ ರೀತಿಯಲ್ಲಿ ಆಡಿಸುತ್ತದೆ. ಎಂದರೆ, ಒಂದು ದಿನವೂ ನಡೆದಿರದ ಮಗುವಿನ ಸೊಂಟಕ್ಕೆ, ಬೆನ್ನೆಲುಬಿಗೆ, ನಡೆಯುವುದು ಹೇಗಿರುತ್ತದೆಂಬ ಅನುಭವವನ್ನು ಕುದುರೆ ಕೊಡುತ್ತದೆ. ಪ್ರತಿ ಹೆಜ್ಜೆಗೂ ಮಗು ತೂಕ ಸರಿಪಡಿಸಿಕೊಳ್ಳಬೇಕು. ಯಾರೂ ‘ನೆಟ್ಟಗೆ ಕೂತ್ಕೋ’ ಎಂದು ಗದರದೆ ಬೆನ್ನು ತಾನೇ ನೆಟ್ಟಗಾಗಲು ಹವಣಿಸುತ್ತದೆ. ಕುದುರೆಯ ಮೈ ನಮ್ಮ ಮೈಗಿಂತ ತುಸು ಬಿಸಿ, ಬಿಗಿದ ತೊಡೆಗೆ ಹಿತ. ಬಿಗಿತ ಸಡಿಲವಾದ ಆ ಸಂಜೆ ಬಟ್ಟೆ ಬದಲಾಯಿಸುವುದು ಸುಲಭವೆಂದು ನಮ್ಮ ಹುಡುಗಿ ಹೇಳಿದಳು. ಇಂಥ ಮಾತು ಯಾವ ಪುಸ್ತಕದಲ್ಲಿಯೂ ನನಗೆ ಸಿಗಲಿಲ್ಲ. ಆದರೆ ದಿನಕ್ಕೆ ಆರು ಸಲ ಬಿಗಿದ ಕಾಲುಗಳನ್ನು ಬಿಡಿಸಿ ಬಟ್ಟೆ ಹಾಕುವವರಿಗೆ ಅದಕ್ಕಿಂತ ದೊಡ್ಡ ಫಲಿತಾಂಶ ಇನ್ನೇನು ಬೇಕು?

ಎಲ್ಲ ಮಕ್ಕಳಿಗೂ ಇದು ಸಲ್ಲದು ಎಂಬುದನ್ನೂ ಬರೆಯಬೇಕು. ಓದಿದ ಯಾರಾದರೂ ನಾಳೆಯೇ ಹೊರಟಾರು. ಹತೋಟಿಗೆ ಬಾರದ ಅಪಸ್ಮಾರವಿದ್ದರೆ, ಸೊಂಟದ ಕೀಲು ಜಾರಿದ್ದರೆ ಕೂರಿಸುವಂತಿಲ್ಲ. ಡೌನ್ ಸಿಂಡ್ರೋಮ್ ಇರುವ ಕೆಲವು ಮಕ್ಕಳಿಗೆ ಕುತ್ತಿಗೆಯ ಮೇಲ್ಭಾಗದ ಮೂಳೆಗಳ ಬಿಗಿ ಸಾಲದು. ಅದನ್ನು ವೈದ್ಯರು ಪರೀಕ್ಷಿಸಿ ಹೇಳಬೇಕು.

ವಿಜ್ಞಾನ ಏನೆನ್ನುತ್ತದೆ? ನನ್ನ ವಿದ್ಯಾರ್ಥಿಯೊಬ್ಬ, ಈಗ ತಾನೇ ವೈದ್ಯ, ಎರಡು ಮೂರು ಪ್ರಬಂಧಗಳ ಸಾರವನ್ನು ನನಗೆ ಬಿಡಿಸಿ ಹೇಳಿದ. 2003ರ ಒಂದು ಸಣ್ಣ ಅಧ್ಯಯನದಲ್ಲಿ ಸೆರೆಬ್ರಲ್ ಪಾಲ್ಸಿಯ 15 ಮಕ್ಕಳಲ್ಲಿ ಕೆಲವರನ್ನು ಎಂಟು ನಿಮಿಷ ಕುದುರೆಯ ಮೇಲೂ, ಉಳಿದವರನ್ನು ಎಂಟು ನಿಮಿಷ ಅಲುಗಾಡದ ಪೀಪಾಯಿಯ ಮೇಲೂ ಕೂರಿಸಿ ನೋಡಿದರು. ಕುದುರೆಯ ಮೇಲೆ ಕುಳಿತವರ ಎಡಬಲ ಸ್ನಾಯುಗಳು ಹೆಚ್ಚು ಸಮನಾಗಿ ಕೆಲಸ ಮಾಡಿದವು. 2015ರಲ್ಲಿ ಆಟಿಸಂ ಇರುವ ಮಕ್ಕಳ ಮೇಲೆ ಅಮೆರಿಕದಲ್ಲಿ ನಡೆದ ಹತ್ತು ವಾರಗಳ ದೊಡ್ಡ ಪ್ರಯೋಗದಲ್ಲಿ ಸಿಡುಕು ಮತ್ತು ಚಡಪಡಿಕೆ ಕಡಿಮೆಯಾದುದು ಕಂಡುಬಂತು. ಆದರೆ 2009ರಲ್ಲಿ ಆಸ್ಟ್ರೇಲಿಯಾದಲ್ಲಿ ಸೆರೆಬ್ರಲ್ ಪಾಲ್ಸಿಯ 99 ಮಕ್ಕಳ ಮೇಲೆ, ಅದೂ ಹತ್ತೇ ವಾರ, ನಡೆದ ಪ್ರಯೋಗ ತಣ್ಣೀರು ಎರಚಿತು. ದೇಹದ ಚಲನೆಯಲ್ಲಾಗಲಿ ಆರೋಗ್ಯದಲ್ಲಾಗಲಿ ಹೇಳಿಕೊಳ್ಳುವ ವ್ಯತ್ಯಾಸ ಸಿಗಲಿಲ್ಲ. ತಂದೆತಾಯಿಯರು ತುಂಬಿದ ಒಂದು ಪ್ರಶ್ನಾವಳಿಯಲ್ಲಿ ಮಾತ್ರ ವ್ಯತ್ಯಾಸದ ಕ್ಷೀಣ ಸುಳಿವಿತ್ತು. ತಾವು ಬಳಸಿದ ಅಳತೆಗೋಲುಗಳೇ ಇಂಥ ಮಕ್ಕಳ ಬದಲಾವಣೆಯನ್ನು ಹಿಡಿಯುವಷ್ಟು ಸೂಕ್ಷ್ಮವಾಗಿರಲಿಕ್ಕಿಲ್ಲವೆಂದು ಸಂಶೋಧಕರೇ ಒಪ್ಪಿಕೊಂಡರು.

ಮೂವತ್ತಾರು ವರ್ಷ ಅಂಕಪಟ್ಟಿ ತುಂಬಿದವನಾದ್ದರಿಂದ ಅವರ ಕಷ್ಟ ನನಗೆ ಅರ್ಥವಾಗುತ್ತದೆ. ಕುದುರೆ ಸವಾರಿಯಿಂದ ಮಗು ಎದ್ದು ಓಡುತ್ತದೆಂದು ಹೇಳುವವರನ್ನು ನಂಬಬೇಡಿ. ರೂಪರ್ಟ್ ಐಸಾಕ್‌ಸನ್ ಎಂಬ ತಂದೆ ಆಟಿಸಂ ಇರುವ ತನ್ನ ಮಗನನ್ನು ಕುದುರೆಯ ಮೇಲೆ ತನ್ನ ಮುಂದೆ ಕೂರಿಸಿಕೊಂಡು 2007ರಲ್ಲಿ ಮಂಗೋಲಿಯಾದಲ್ಲಿ ಪಯಣಿಸಿ, 2009ರಲ್ಲಿ ಆ ಬಗ್ಗೆ ಪುಸ್ತಕವನ್ನೂ ಪ್ರಕಟಿಸಿದ್ದಾನೆ. ಅವನ ಧೈರ್ಯ ದೊಡ್ಡದು. ಆದರೆ ಅಷ್ಟು ದೂರ ಹೋಗುವ ಶಕ್ತಿ ನಮ್ಮವರಲ್ಲಿ ಎಷ್ಟು ಜನಕ್ಕೆ ಇದೆ? ಶನಿವಾರ ರಜೆ ಸಿಕ್ಕುವುದೇ ಕಷ್ಟ.

ಬೇಲಿಯ ಪಕ್ಕದಲ್ಲಿ ಒಂದು ಕಲ್ಲುಬೆಂಚಿದೆ. ನಾನು ಅಲ್ಲಿ ಕೂರುತ್ತ ಬಂದದ್ದರಿಂದ ಉಳಿದ ತಾಯಂದಿರೊಡನೆ ಪರಿಚಯವಾಯಿತು. ತಂದೆಯರು ಕಡಿಮೆ, ಅಜ್ಜಿಯರು ಹೆಚ್ಚು. ಅವರ ಮಾತು ಕುದುರೆಯ ಬಗ್ಗೆ ಅಲ್ಲವೇ ಅಲ್ಲ. ಯಾವ ಅಂಗಡಿಯಲ್ಲಿ ಸೊಂಟದ ಬೆಲ್ಟ್ ಚೆನ್ನಾಗಿದೆ, ಅನ್ನವನ್ನು ಎಷ್ಟು ನುಣ್ಣಗೆ ಕಿವುಚಿದರೆ ಗಂಟಲಲ್ಲಿ ಸಿಕ್ಕಿಕೊಳ್ಳುವುದಿಲ್ಲ, ರಾತ್ರಿ ಎಷ್ಟು ಸಲ ಮಗ್ಗುಲು ಬದಲಾಯಿಸಬೇಕು. ಒಬ್ಬ ಅಜ್ಜಿ, ಹಾಸನದ ಕಡೆಯವರು, ಹುಡುಗಿ ಕುದುರೆಯ ಮೇಲೆ ಇರುವ ಅರ್ಧ ಗಂಟೆ ಬೆಂಚಿನ ಮೇಲೆ ಕುಳಿತು ನಿದ್ದೆ ಮಾಡುತ್ತಾರೆ. ಪ್ರತಿ ಶನಿವಾರ. ಮೊಮ್ಮಗಳು ಎದುರು ಬಂದಾಗ ಅವರನ್ನು ಎಬ್ಬಿಸಹೋದೆ. ನಮ್ಮ ಹುಡುಗಿ ನನ್ನ ತೋಳು ಹಿಡಿದು ತಡೆದಳು.

ಇನ್ನು ಹಳೇಬೀಡಿನ ಸಾಲಿನ ವಿಚಾರ. 1988ರ ಎಂಟನೆಯ ತರಗತಿಯವರಿಗೆ ಇದು ತಿಳಿದದ್ದೇ. ಆಗ ನಾನಿದ್ದ ಶಾಲೆಯಲ್ಲಿ ಎರಡು ಕಾಲೂ ಪೋಲಿಯೋದಿಂದ ಸೊರಗಿದ ಒಬ್ಬ ಹುಡುಗನಿದ್ದ. ಪಲ್ಸ್ ಪೋಲಿಯೋ ಹನಿ ಬಂದದ್ದು 1995ರಲ್ಲಿ. ಭಾರತದ ಕೊನೆಯ ಪ್ರಕರಣ 2011ರ ಜನವರಿಯದು. ಇವನು ಅದಕ್ಕೆಲ್ಲ ಬಹಳ ಮೊದಲೇ ಹುಟ್ಟಿದವನು. ತೆಂಗಿನಕಾಯಿ ಮಂಡಿಯಲ್ಲಿ ಕೂಲಿ ಮಾಡುತ್ತಿದ್ದ ಅವನ ತಾಯಿ ಹದಿಮೂರು ವರ್ಷದ ಮಗನನ್ನು ಸೊಂಟದ ಮೇಲೆ ಹೊತ್ತುಕೊಂಡು ಬಂದು ಬೆಂಚಿನಲ್ಲಿ ಕೂರಿಸಿ, ಸಂಜೆ ಮತ್ತೆ ಹೊತ್ತುಕೊಂಡು ಹೋಗುತ್ತಿದ್ದಳು. ಅವನ ನೋಟುಪುಸ್ತಕದ ಹಿಂಬದಿಯ ಹಾಳೆಗಳ ತುಂಬ ಕುದುರೆಗಳು. ಹಳೇಬೀಡಿನ ಸಾಲನ್ನು ನಾನು ಕಪ್ಪುಹಲಗೆಯ ಮೇಲೆ ಬರೆದು ತೋರಿಸಿದಾಗ ‘ಎಷ್ಟು ಕುದುರೆ ಇವೆ ಸಾರ್?’ ಎಂದು ಕೇಳಿದ್ದ.

ಆ ವರ್ಷ ಬೇಲೂರು, ಹಳೇಬೀಡಿಗೆ ಪ್ರವಾಸ ಹೊರಡಿಸಿದೆ. ಅವನ ತಾಯಿ ಹಣ ತಂದುಕೊಟ್ಟಳು. ನಾನು ಹಿಂದಿರುಗಿಸಿದೆ. ಮೆಟ್ಟಿಲು ಬಹಳ, ಬಸ್ಸಿನಲ್ಲಿ ಜಾಗವಿಲ್ಲ, ಏನಾದರೂ ಆದರೆ ಜವಾಬ್ದಾರಿ ಯಾರದು ಎಂದೆ. ‘ನಾನೂ ಬತ್ತೀನಿ ಮೇಷ್ಟ್ರೇ, ನಾನೇ ಎತ್ಕತೀನಿ, ನನ್ ಸೀಟಿಗೂ ದುಡ್ಡು ಕೊಡ್ತೀನಿ’ ಎಂದಳು. ಮಕ್ಕಳ ಪ್ರವಾಸದಲ್ಲಿ ಪೋಷಕರಿಗೆ ಅವಕಾಶವಿಲ್ಲವೆಂದೆ. ಹಾಗೊಂದು ನಿಯಮವನ್ನು ಯಾರೂ ಮಾಡಿರಲಿಲ್ಲ. ಆ ಗಳಿಗೆಯಲ್ಲಿ ನಾನೇ ಮಾಡಿದೆ. ಮುಖ್ಯೋಪಾಧ್ಯಾಯರನ್ನು ಕೇಳಲೂ ಇಲ್ಲ. ಅವಳು ವಾದಿಸಲಿಲ್ಲ. ನೋಟುಗಳನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಮಗನನ್ನು ಎತ್ತಿಕೊಂಡು ಹೋದಳು. ಆ ಕುದುರೆಗಳ ಸಾಲು ಇರುವುದು ನೆಲಕ್ಕೆ ಹತ್ತಿರದಲ್ಲಿ. ತಾಯಿಯ ಸೊಂಟದ ಮೇಲಿರುವ ಹುಡುಗನಿಗೆ ಚೆನ್ನಾಗಿಯೇ ಕಾಣುತ್ತಿತ್ತು. ಜಗತಿಯ ಮೇಲೆ ನಿಂತು ಪಾಠ ಹೇಳುವಾಗ ಅದು ನನಗೆ ಹೊಳೆಯದೆ ಇರಲಿಲ್ಲ.

ಅವನು ಎಸ್ಸೆಸ್ಸೆಲ್ಸಿ ಮುಗಿಸಿದ. ತೊಂಬತ್ತರ ದಶಕದಲ್ಲಿ ಎಸ್‌ಟಿಡಿ ಬೂತ್ ಇಟ್ಟ, ಆಮೇಲೆ ಜೆರಾಕ್ಸ್ ಅಂಗಡಿ. ಮೂರು ಗಾಲಿಯ ಸ್ಕೂಟರಿನಲ್ಲಿ ಓಡಾಡುತ್ತಾನೆ, ಸಂಸಾರಸ್ಥ. ಕಂಡಾಗಲೆಲ್ಲ ನಮಸ್ಕಾರ ಸಾರ್ ಎನ್ನುತ್ತಾನೆ. ಪ್ರವಾಸದ ವಿಚಾರ ನಾನು ಎತ್ತಲಿಲ್ಲ, ಅವನೂ ಎತ್ತಲಿಲ್ಲ. ಕಳೆದ ತಿಂಗಳು ನಮ್ಮ ಹುಡುಗ ಕುದುರೆಯ ಮೇಲೆ ತಲೆಯೆತ್ತಿ ಕುಳಿತಿರುವ ಚಿತ್ರವನ್ನು ನಾಲ್ಕಾರು ಜನರಿಗೆ ವಾಟ್ಸಾಪಿನಲ್ಲಿ ಕಳುಹಿಸಿದೆ, ಅವನಿಗೂ ಹೋಯಿತು. ಹತ್ತು ನಿಮಿಷದಲ್ಲಿ ಕರೆ ಬಂತು. ‘ಸಾರ್, ನಾನೂ ಹಿಂಗೇ ಕೂತಿದ್ದೆ ಒಂದ್ಸಲ. ನೀವೆಲ್ಲ ಹಳೇಬೀಡಿಗೆ ಹೋಗಿದ್ರಲ್ಲ, ಅವತ್ತು.’

ನಾನು ಮರುದಿನವೇ ಅವನ ಮನೆಗೆ ಹೋದೆ. ತಾಯಿಗೆ ಎಂಬತ್ತರ ಹತ್ತಿರ; ಬೆನ್ನು ಬಾಗಿದೆ, ಗೋಡೆ ಹಿಡಿದು ನಡೆಯುತ್ತಾರೆ. ಅಂದು ಇನ್ನೂ ಬಾಡಿಗೆ ಜಟಕಾಗಳಿದ್ದ ಕಾಲ. ಪ್ರವಾಸಕ್ಕೆಂದು ಕೂಡಿಟ್ಟ ದುಡ್ಡಿನಲ್ಲಿ ಒಂದಿಷ್ಟನ್ನು ಜಟಕಾದವನಿಗೆ ಕೊಟ್ಟು, ಗಾಡಿಯಿಂದ ಕುದುರೆಯನ್ನು ಬಿಚ್ಚಿಸಿ, ಮಗನನ್ನು ಅದರ ಬೆನ್ನಿನ ಮೇಲೆ ಕೂರಿಸಿದರಂತೆ. ಜಟಕಾದವನು ಮುಂದೆ ಲಗಾಮು ಹಿಡಿದ. ಒಂದು ಕಡೆ ಅವರು, ಇನ್ನೊಂದು ಕಡೆ ಅವರ ತಮ್ಮ, ತೊಡೆ ಹಿಡಿದುಕೊಂಡು ಬಯಲಿನ ತುದಿಯವರೆಗೆ ನಡೆಸಿಕೊಂಡು ಹೋಗಿ ಬಂದರಂತೆ. ಬೆಂಗಳೂರಿನಲ್ಲಿ ನಾನು ಕಂಡ ವ್ಯವಸ್ಥೆಯೂ ಅದೇ. ಒಬ್ಬ ಮುಂದೆ, ಇಬ್ಬರು ಪಕ್ಕಗಳಲ್ಲಿ.

‘ಅವನಿಗೆ ಖುಷಿ ಆಯ್ತಾ ತಾಯಿ?’ ಎಂದು ಕೇಳಿದೆ.

‘ಅವನಿಗೇನೋ ಆಯ್ತು ಬಿಡಿ. ಎತ್ತಿ ಎತ್ತಿ ನನ್ ಸೊಂಟ ಬಿದ್ದೋಗಿತ್ತು ಮೇಷ್ಟ್ರೇ. ಅವತ್ತೊಂದು ಗಳಿಗೆ ಕುದುರೆ ಎತ್ಕಂಡ್ತು. ನಾನು ಬರೀ ಕೈಯಲ್ಲಿ ಪಕ್ಕದಾಗೆ ನಡಕಂಡು ಹೋದೆ.’

ಅಂದು ಹಿಂದಿರುಗಿಸಿದ ಹಣದ ಬಗ್ಗೆ ನಾನು ಹೇಳಬೇಕಾದದ್ದನ್ನು ಹೇಳಿದೆ. ಅವರು ಕೇಳಿಸಿಕೊಂಡರು. ‘ಹೋಗ್ಲಿ ಬಿಡಿ’ ಎನ್ನಲಿಲ್ಲ. ಕಾಫಿ ಕುಡಿದು ಹೋಗಿ ಎಂದರು.

ಅವನು ಇಂದಿಗೂ ಹಳೇಬೀಡು ನೋಡಿಲ್ಲ. ಮುಂದಿನ ತಿಂಗಳ ಎರಡನೆಯ ಭಾನುವಾರ ಹೊರಡುವುದೆಂದು ನಿಶ್ಚಯಿಸಿದ್ದೇವೆ. ಅವನು, ಅವನ ಹೆಂಡತಿ, ತಾಯಿ. ಬೆಂಗಳೂರಿನಿಂದ ನಮ್ಮ ಹುಡುಗಿಯೂ ಮಗನನ್ನು ಕರೆದುಕೊಂಡು ಬರುತ್ತಾಳೆ. ಸಖರಾಯಪಟ್ಟಣದಿಂದ ಬೆಳಗ್ಗೆ ಏಳಕ್ಕೆ ವ್ಯಾನು. ಜಗತಿಯ ಮೆಟ್ಟಿಲುಗಳ ಹತ್ತಿರ ಎತ್ತಿಕೊಳ್ಳಲು ಗಟ್ಟಿ ಆಳುಗಳು ಬೇಕು. ನನ್ನ ಮೊಣಕಾಲು ಈಗ ನಂಬಿಕೆಗೆ ಅರ್ಹವಲ್ಲ. 1988ರ ಎಂಟನೆಯ ತರಗತಿಯವರಲ್ಲಿ ಬಿಡುವಿದ್ದವರು ನನಗೆ ದೂರವಾಣಿ ಮಾಡಿ. ನಾಲ್ಕೈದು ಜನ ಬಂದರೆ ಸಾಕು. ಈ ಸಲ ವ್ಯಾನಿನಲ್ಲಿ ಜಾಗವಿದೆ.